ದವಡೆಯ ಎಲುಬು: ಗೃಹಸ್ಥರು ತಿಳಿದಿರತಕ್ಕ ಕೆಲವು ಸಂಗತಿಗಳು

ನಮ್ಮ ಶರೀರದಲ್ಲಿಯ ಎಲುಬುಗಳೆಲ್ಲ ಮಾಂಸದಿಂದಲೂ ಚರ್ಮದಿಂದಲೂ ಮುಚ್ಚಲ್ಪಟ್ಟು, ಕೋಟೆಯೊಳಗಿನ ಅರಮನೆಯಂತೆ ಹೊರಗಿನ ಗಾಳಿಯ ಸೋಂಕಿಲ್ಲದೆ ಇರುತ್ತವೆ. ಈ ನಿಯಮಕ್ಕೆ ಅಪವಾದವಾದದ್ದು ದವಡೆಯ ಎಲುಬು. ಹಲ್ಲುಗಳು ಈ ಎಲುಬಿನಲ್ಲಿ ಬೇರೂರಿ, ವಸಡನ್ನು ಭೇದಿಸಿಕೊಂಡು ಹೊರಗೆ ಬಂದು ನಿಲ್ಲುವದರಿಂದ, ಪ್ರತಿಯೊಂದು ಹಲ್ಲಿನ ಬುಡವೂ ಆ ಕೋಟೆಯ ಒಂದೊಂದು ದಿಡ್ಡಿಬಾಗಿಲು ಇದ್ದಂತೆ. ಬಾಗಿಲು ಭದ್ರವಾಗಿರುವ ವರೆಗೆ ಒಳಗಿನವರಿಗೆ ಭಯವಿಲ್ಲ. ಅದು ಮುರಿದರೆ ಶತ್ರುವಿಗೆ ನೇರವಾದ ಹಾದಿಯೇ ದೊರೆಯುವದು. ಹುಳುಕು ಹಲ್ಲನ್ನು ಉಪೇಕ್ಷಿಸುವದರಿಂದ ಈ ಎಲುಬಿಗೆ ಬರುವ ಕೇಡು ಬಹು ಪುರಾತನವಾದದ್ದು. ಬೇರೊಂದು ರೋಗಕ್ಕೆಂದು ತೆಗೆದುಕೊಂಡ ಔಷಧದಿಂದ ಇದೇ ಎಲುಬಿಗೆ ಬರುವ ಕೇಡು ತೀರ ಹೊಸದು. ಎರಡನ್ನೂ ಬಹುಮಟ್ಟಿಗೆ ಮನೆಯವರ ಎಚ್ಚರಿಕೆಯಿಂದಲೇ ತಡೆಯಬಹುದಾದ್ದರಿಂದ, ವಾಚಕರು ಈ ವಿಷಯಕ್ಕೆ ಸ್ವಲ್ಪ ಲಕ್ಷ್ಯಗೊಡಬೇಕೆಂದು ಪ್ರಾರ್ಥಿಸುತ್ತೇವೆ. ನಾವು ವೈದ್ಯರಲ್ಲ, ಶಾಲೆಯಲ್ಲಿ ಪಾಠ ಹೇಳಿದವರು. ಆದರೆ ವೈದ್ಯರು ಹೇಳಿದ ಮಾತು ಮನೆಯೊಳಗೆ ಮುಟ್ಟುವಂತೆ ಹೇಳುವದೂ ಒಂದು ಪಾಠವೇ ಆಗಿದೆ.

ಸಂಸ್ಕೃತದಲ್ಲಿ ದವಡೆಗೆ ‘ಹನು’ ಎಂದು ಹೆಸರು. ಸೂರ್ಯನನ್ನು ಹಣ್ಣೆಂದು ಬಗೆದು ಹಾರಿದ ಅಂಜನೀಪುತ್ರನಿಗೆ ಇಂದ್ರನ ವಜ್ರದ ಪೆಟ್ಟಿನಿಂದ ಹನುವು ಭಗ್ನವಾಯಿತೆಂದೂ, ಆ ಕಾರಣದಿಂದ ಅವನು ಹನುಮಂತನೆನಿಸಿದನೆಂದೂ ಹೇಳುವ ಕಥೆಯನ್ನು ನಮ್ಮ ಕಡೆಯ ಮಕ್ಕಳೂ ಬಲ್ಲರು. ಊರೂರಿಗೆ ಹನುಮಪ್ಪನ ಗುಡಿಯುಳ್ಳ ಈ ಸೀಮೆಯಲ್ಲಿ ದವಡೆಯ ಹೆಸರನ್ನು ನಾವು ದಿನಾಲು ಉಚ್ಚರಿಸುತ್ತೇವೆ; ದವಡೆಯ ಆರೈಕೆಯನ್ನು ಮಾತ್ರ ನೆನೆಯುವದಿಲ್ಲ.

ನಮ್ಮ ಪೂರ್ವಿಕರು ಇದನ್ನು ನೆನೆಯದೆ ಇರಲಿಲ್ಲ. ಸುಶ್ರುತಸಂಹಿತೆಯು ಬಾಯಿಯ ರೋಗಗಳನ್ನು 65 ಎಂದು ಎಣಿಸಿದೆ. ಅವುಗಳೊಳಗೆ, ಹಲ್ಲಿನ ಬುಡದಲ್ಲಿ ಹುಟ್ಟಿ ಕೊಳವೆಯಂತೆ ಹಾದಿ ಮಾಡಿಕೊಂಡು ಕೀವು ಸುರಿಸುವ ಹುಣ್ಣಿಗೆ ‘ನಾಡಿ’ ಎಂಬ ಹೆಸರು ಕೊಟ್ಟಿದೆ. ಯಾವ ಹಲ್ಲಿನಲ್ಲಿ ಈ ನಾಡಿಯು ಹುಟ್ಟಿತೋ ಆ ಹಲ್ಲನ್ನು ತೆಗೆದು ಸ್ಥಳವನ್ನು ಶುದ್ಧಿ ಮಾಡಬೇಕೆಂದೂ, ಉಪೇಕ್ಷೆ ಮಾಡಿದರೆ ಆ ಕೀವಿನ ಮಾರ್ಗವು ದವಡೆಯ ಎಲುಬನ್ನು ತಪ್ಪದೆ ಭೇದಿಸುವದೆಂದೂ ಗ್ರಂಥಕಾರನು ಸ್ಪಷ್ಟವಾಗಿ ಹೇಳುತ್ತಾನೆ. ಎಕ್ಸರೇ ಯಂತ್ರವಿಲ್ಲದ ಕಾಲದಲ್ಲಿ, ಕಣ್ಣಿಗೆ ಕಾಣುವ ಹಲ್ಲಿನಿಂದ ಕಣ್ಣಿಗೆ ಕಾಣದ ಎಲುಬಿನ ವರೆಗಿನ ಹಾದಿಯನ್ನು ಆ ಶಸ್ತ್ರವೈದ್ಯರು ಕಂಡುಕೊಂಡಿದ್ದರೆಂಬದು ಸಾಮಾನ್ಯ ಸಂಗತಿಯಲ್ಲ.

ಆ ಹಾದಿಯು ಹೀಗಿದೆ. ಹಲ್ಲಿನ ಮೇಲಿನ ಗಟ್ಟಿಯಾದ ಕವಚವು ಹುಳುಕಾಗಿ ತೂತು ಬಿದ್ದರೆ ಬಾಯಿಯಲ್ಲಿಯ ಸೂಕ್ಷ್ಮಜಂತುಗಳು ಹಲ್ಲಿನ ಒಳತಿರುಳನ್ನು ಸೇರುವವು. ತಿರುಳು ಕೊಳೆತು, ಆ ಕೊಳೆ ಬೇರಿನ ತುದಿಯ ಮೂಲಕ ಎಲುಬಿಗೆ ಇಳಿಯುವದು. ಅಲ್ಲಿ ಕೀವು ಕಟ್ಟುವದು. ಎಲುಬು ಗಟ್ಟಿಯಾದ ವಸ್ತುವಾದ್ದರಿಂದ ಕೀವಿಗೆ ಹಿಗ್ಗಲು ಸ್ಥಳವಿಲ್ಲ. ಅದರ ಒತ್ತಡದಿಂದ ಎಲುಬಿಗೆ ಆಹಾರವನ್ನೊಯ್ಯುವ ಸೂಕ್ಷ್ಮ ರಕ್ತನಾಳಗಳು ಅದುಮಲ್ಪಡುವವು. ರಕ್ತ ಮುಟ್ಟದ ಎಲುಬು ನೀರು ಮುಟ್ಟದ ಗದ್ದೆಯಂತೆ ಒಣಗಿ ಸಾಯುವದು. ಸತ್ತ ಎಲುಬಿಗೆ ರಕ್ತವು ಹೋಗದಿದ್ದ ಮೇಲೆ ರಕ್ತದ ಮೂಲಕ ಹೋಗಬೇಕಾದ ಔಷಧವೂ ಹೋಗುವದಿಲ್ಲ. ಆದುದರಿಂದಲೇ ಈ ರೋಗವು ಬಲಿತ ಬಳಿಕ ನಾಲ್ಕು ದಿನದ ಗುಳಿಗೆಗಳಿಂದ ಗುಣವಾಗದೆ, ವಾರಗಟ್ಟಲೆ ಔಷಧವನ್ನೂ, ಸತ್ತ ಚೂರುಗಳನ್ನು ಕೆರೆದು ತೆಗೆಯುವ ಶಸ್ತ್ರಕ್ರಿಯೆಯನ್ನೂ ಬೇಡುವದು. ಮೇಲಿನ ದವಡೆಗೆ ಅನೇಕ ಕವಲುಗಳಿಂದ ರಕ್ತವು ಬರುತ್ತಿದ್ದು, ಕೆಳಗಿನ ದವಡೆಯ ಎಲುಬು ಹೆಚ್ಚು ದಟ್ಟವಾಗಿಯೂ ಬಹುಮಟ್ಟಿಗೆ ಒಂದೇ ನಾಳವನ್ನು ನಂಬಿಕೊಂಡೂ ಇರುವದರಿಂದ, ಈ ಬಾವು ಕೆಳದವಡೆಯಲ್ಲಿಯೇ ಹೆಚ್ಚು.

ಇದರ ಲಕ್ಷಣಗಳನ್ನು ಮನೆಯವರು ತಪ್ಪಾಗಿ ತಿಳಿಯುವದು ಬಹಳ. ಹಲ್ಲುನೋವು ಕೆಲವು ದಿನ ಕಾಡಿ ತಾನಾಗಿಯೇ ನಿಂತರೆ ರೋಗವು ಹೋಯಿತೆಂದು ಸಂತೋಷಪಡುವರು. ಹಲ್ಲಿನ ತಿರುಳು ಸತ್ತು ನೋವು ನಿಂತಿರಬಹುದೆಂಬದು ಅವರಿಗೆ ತಿಳಿಯದು. ಮುಂದೆ ಗಲ್ಲದ ಮೇಲೋ ಗದ್ದದ ಕೆಳಗೋ ಒಂದು ಕುರುವೆದ್ದು ಒಡೆದು, ಒಣಗಿ, ಮತ್ತೆ ಒಡೆಯುವದು. ಅದನ್ನು ಚರ್ಮದ ಹುಣ್ಣೆಂದು ತಿಳಿದು ಮುಲಾಮು ಹಚ್ಚುವರು, ಪಟ್ಟು ಹಾಕುವರು. ಆ ಹುಣ್ಣಿನ ಬೇರು ಹಲ್ಲಿನ ಬುಡದಲ್ಲಿದೆ. ಹಲ್ಲಿನ ಉಪಾಯವಾಗುವ ವರೆಗೆ ಎಷ್ಟು ಮುಲಾಮು ಹಚ್ಚಿದರೂ ಅದು ಮಾಯುವದಿಲ್ಲ. ಒಂದು ಹಲ್ಲಿನ ನೋವಿನೊಡನೆ ನೆರೆಯ ಹಲ್ಲುಗಳೂ ಅಲುಗಹತ್ತಿದರೆ, ಬಾಯಿ ದುರ್ಗಂಧ ಬೀರಿದರೆ, ಕೆಳದುಟಿಯ ಅರ್ಧಭಾಗ ಜೋಮು ಹಿಡಿದಂತಾದರೆ, ಬಾವು ಎಲುಬಿಗೆ ಇಳಿದಿದೆಯೆಂದು ಶಂಕಿಸಲೇ ಬೇಕು. ಕೆಳದವಡೆಯ ಎಲುಬಿನೊಳಗೆ ಹಾಯ್ದು ಹೋಗುವ ನರವೇ ತುಟಿಗೆ ಸ್ಪರ್ಶಜ್ಞಾನವನ್ನು ಕೊಡುವದಾದ್ದರಿಂದ ಈ ಜೋಮು ಬಹು ಮಹತ್ವದ ಗುರುತು.

ಇಷ್ಟರ ವರೆಗೆ ಹೇಳಿದ್ದು ಪುರಾತನವಾದ ಕೇಡು. ಇನ್ನು, ಹೊರಗಿನ ಒಂದು ವಸ್ತುವು ದೇಹವನ್ನು ಸೇರಿ ದವಡೆಯ ಎಲುಬನ್ನೇ ಕೆಡಿಸಬಲ್ಲದೆಂಬದನ್ನು ಲೋಕವು ಮೊದಲು ಕಲಿತದ್ದು ಔಷಧದಿಂದಲ್ಲ, ಒಲೆ ಹೊತ್ತಿಸುವ ಕಡ್ಡಿಯಿಂದ. ಹತ್ತೊಂಬತ್ತನೆಯ ಶತಕದ ಮೂರನೆಯ ದಶಕ ಕಳೆದ ಮೇಲೆ ಯುರೋಪ ಖಂಡದಲ್ಲಿ ಬಿಳಿಯ ರಂಜಕವನ್ನು ತುದಿಗೆ ಹಚ್ಚಿದ ಬೆಂಕಿಕಡ್ಡಿಗಳ ಕಾರಖಾನೆಗಳು ಹುಟ್ಟಿದವು. ಅಲ್ಲಿ ದುಡಿಯುವ ಬಡ ಹೆಂಗಸರೂ ಮಕ್ಕಳೂ ಆ ರಂಜಕದ ಹೊಗೆಯಲ್ಲಿಯೇ ದಿನಗಳೆಯುತ್ತಿದ್ದರು. ಕೆಲವು ವರ್ಷಗಳಲ್ಲಿ ಅವರಲ್ಲಿ ಕೆಲವರಿಗೆ ಹಲ್ಲುನೋವು ಬಂದು, ಹಲ್ಲುಗಳುದುರಿ, ದವಡೆಯ ಎಲುಬು ತೆರೆದು ಬಿದ್ದು ಕೊಳೆಯತೊಡಗಿತು. ದವಡೆಯನ್ನು ಕೊಯ್ದು ತೆಗೆದು ಕೆಲವರ ಪ್ರಾಣವನ್ನುಳಿಸಬೇಕಾಯಿತು, ಅನೇಕರು ಉಳಿಯಲಿಲ್ಲ. ವಿಯೆನ್ನಾ ನಗರದ ಲೊರಿನ್ಸರ್ ಎಂಬ ವೈದ್ಯನು 1845ರಲ್ಲಿ ಈ ರೋಗವನ್ನು ವರ್ಣಿಸಿ ಪ್ರಕಟಿಸಿದನು. 1888ರಲ್ಲಿ ಲಂಡನ್ ನಗರದ ಬ್ರಾಯಂಟ್ ಅಂಡ್ ಮೇ ಕಾರಖಾನೆಯ ಸುಮಾರು 1400 ಜನ ಹೆಂಗಸರು, ಹುಡುಗಿಯರು ದಂಡ ಮತ್ತು ಜುಲುಮೆಗಳಿಗೆ ಬೇಸತ್ತು ಕೆಲಸ ನಿಲ್ಲಿಸಿದಾಗ ಈ ರೋಗದ ಮಾತೂ ಲೋಕದ ಕಿವಿಗೆ ಬಿದ್ದಿತು. ಬಿಳಿಯ ರಂಜಕದ ಕಡ್ಡಿಗಳನ್ನು ನಿಷೇಧಿಸುವ ಒಪ್ಪಂದವು ಬರ್ನ್ ನಗರದಲ್ಲಿ ಆದದ್ದು 1906ರಲ್ಲಿ; ಭಾರತದಲ್ಲಿ ಈ ನಿಷೇಧದ ಕಾಯದೆ ಬಂದದ್ದು 1913ರಲ್ಲಿ. ರೋಗದ ವರ್ಣನೆಯಾದ ದಿನದಿಂದ ಬರ್ನ್ ಒಪ್ಪಂದದ ವರೆಗೆ 61 ವರ್ಷಗಳು ಸಂದವು. ಕೆಂಪು ರಂಜಕದ ನಿರಪಾಯವಾದ ಕಡ್ಡಿ ಆ ಮೊದಲೇ ಬಂದಿದ್ದಿತು. ಆದರೂ ಬಿಳಿಯದು ಅಗ್ಗವೆಂದು ಬಡವರ ದವಡೆಗಳು ಸುಡುತ್ತಲೇ ಇದ್ದವು.

ಆ ರೋಗವು ಮುಗಿಯಿತೆಂದು ವೈದ್ಯಲೋಕವು ಮರೆತಿರುವಾಗ, 2003ರಲ್ಲಿ ಅಮೇರಿಕೆಯ ಮಯಾಮಿ ನಗರದ ಶಸ್ತ್ರವೈದ್ಯರಾದ ರಾಬರ್ಟ್ ಮಾರ್ಕ್ಸ್ ಎಂಬವರು ಅದನ್ನೇ ಹೋಲುವ 36 ರೋಗಿಗಳ ಸಂಗತಿಯನ್ನು ಪ್ರಕಟಿಸಿದರು. ಈ ರೋಗಿಗಳು ಯಾವ ಕಾರಖಾನೆಯಲ್ಲಿಯೂ ದುಡಿದವರಲ್ಲ. ಎಲುಬನ್ನು ರಕ್ಷಿಸುವದಕ್ಕಾಗಿಯೇ ಕೊಟ್ಟ ಔಷಧಗಳನ್ನು ತೆಗೆದುಕೊಂಡವರು. ಮುಂದೆ ಅದೇ ದೇಶದ ಬಾಯಿ-ದವಡೆಗಳ ಶಸ್ತ್ರವೈದ್ಯರ ಸಂಘವು 2014ರಲ್ಲಿ ಈ ರೋಗಕ್ಕೆ ‘ಔಷಧಸಂಬಂಧಿಯಾದ ದವಡೆಯ ಅಸ್ಥಿನಾಶ’ ಎಂಬರ್ಥದ ಹೆಸರನ್ನಿಟ್ಟಿತು.

ರಕ್ಷಣೆಯ ಔಷಧವು ಕೇಡು ಮಾಡುವದು ಹೇಗೆಂಬದನ್ನು ನಮ್ಮ ಕಲಘಟಗಿಯ ಹಂಚಿನ ಮನೆಗಳ ದೃಷ್ಟಾಂತದಿಂದ ತಿಳಿಯಬಹುದು. ಮಲೆನಾಡಿನ ಅಂಚಿನ ಈ ಊರಲ್ಲಿ ಮಳೆಗೆ ತೊಯ್ದು ಲಡ್ಡಾದ ತೊಲೆಯನ್ನು ಮೊದಲು ಕಿತ್ತು, ಬಳಿಕ ಹೊಸದನ್ನು ಕೂಡಿಸುವರು. ಎಲುಬಿನಲ್ಲಿಯೂ ಹಾಗೆಯೇ ಹಳೆಯದನ್ನು ಕೀಳುವ ಜೀವಕೋಶಗಳು ಬೇರೆ, ಹೊಸದನ್ನು ಕಟ್ಟುವ ಜೀವಕೋಶಗಳು ಬೇರೆ. ಎರಡೂ ಜನ್ಮವಿಡೀ ದುಡಿಯುತ್ತಿರುವವು. ಮುಟ್ಟು ನಿಂತ ಬಳಿಕ ಹೆಂಗಸರಲ್ಲಿ ಕೀಳುವ ಕೆಲಸವೇ ಹೆಚ್ಚಾಗಿ ಎಲುಬು ಟೊಳ್ಳಾಗುವದು. ಆಗ ವೈದ್ಯರು ಕೀಳುವವರ ಕೈ ಕಟ್ಟುವ ಔಷಧವನ್ನು ಕೊಡುವರು. ಅಲೆಂಡ್ರೊನೇಟ್ ಎಂಬದು ವಾರಕ್ಕೊಮ್ಮೆಯ ಗುಳಿಗೆ; ಜೊಲೆಡ್ರೊನಿಕ್ ಆಮ್ಲವೆಂಬದು ವರ್ಷಕ್ಕೊಮ್ಮೆ ನರದಲ್ಲಿ ಕೊಡುವ ಔಷಧ; ಡೆನೊಸುಮ್ಯಾಬ್ ಎಂಬದು ಆರು ತಿಂಗಳಿಗೊಮ್ಮೆಯ ಸೂಜಿ. ಸ್ತನದಿಂದಲೋ ಬೇರೆಡೆಯಿಂದಲೋ ಎಲುಬಿಗೆ ಹಬ್ಬಿದ ಕ್ಯಾನ್ಸರಿನಲ್ಲಿ ಇಂಥ ಔಷಧಗಳನ್ನೇ ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುವದುಂಟು. ಇವುಗಳಿಂದ ಬಹುಜನರ ಎಲುಬು ಮುರಿಯದೆ ಉಳಿದಿದೆ. ಆದರೆ ಅಗಿಯುವ ಭಾರವನ್ನು ಹೊತ್ತ ದವಡೆಯಲ್ಲಿ ಈ ಕೀಳುವ-ಕಟ್ಟುವ ಕೆಲಸವು ಬೇರೆ ಎಲುಬುಗಳಿಗಿಂತ ತ್ವರಿತವಾದದ್ದು. ಹಲ್ಲು ಕಿತ್ತ ಕುಳಿ ತುಂಬಬೇಕಾದರೆ, ಕೀವು ಹಿಡಿದ ಎಲುಬು ಹೋಗಬೇಕಾದರೆ, ಕೀಳುವವರು ಬೇಕೇ ಬೇಕು. ಅವರ ಕೈ ಕಟ್ಟಿದ್ದಾಗ ಕುಳಿ ತುಂಬದೆ, ಮೇಲಿನ ತೆಳುವಾದ ವಸಡು ಮುಚ್ಚದೆ, ಎಲುಬು ಬೆತ್ತಲೆಯಾಗಿ ಬಾಯಿಯ ಜಂತುಗಳಿಗೆ ಈಡಾಗುವದು. ಇಂಥ ಔಷಧ ತೆಗೆದುಕೊಂಡವರಲ್ಲಿ, ದವಡೆಗೆ ಕಿರಣಚಿಕಿತ್ಸೆಯಾಗಿರದೆ, ಎಂಟು ವಾರ ದಾಟಿದರೂ ಬಾಯಿಯಲ್ಲಿ ಎಲುಬು ತೆರೆದೇ ಇದ್ದರೆ ವೈದ್ಯರು ಇದೇ ರೋಗವೆಂದು ನಿರ್ಣಯಿಸುವರು.

ಈ ಮಾತು ನಮ್ಮ ಮನೆಗಳಿಗೆ ಹೇಗೆ ತಟ್ಟುವದೆಂಬದಕ್ಕೆ ಒಂದು ಸಂದರ್ಭವನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅರವತ್ತೈದು ವರ್ಷದ ಅತ್ತೆಗೆ ಎಲುಬು ಟೊಳ್ಳಾಗಿದೆಯೆಂದು ಹುಬ್ಬಳ್ಳಿಯ ಡಾಕ್ಟರರು ಮೂರು ವರ್ಷ, ವರ್ಷಕ್ಕೊಂದರಂತೆ ಔಷಧವನ್ನು ನರದಲ್ಲಿ ಕೊಟ್ಟಿದ್ದಾರೆ. ಈಗ ದವಡೆಹಲ್ಲಿನ ನೋವು ಹೆಚ್ಚಾಗಿ ಸೊಸೆಯು ಅತ್ತೆಯನ್ನು ಸಂತೆಯ ದಿವಸ ಊರಿನ ದಂತವೈದ್ಯರ ಕಡೆಗೆ ಕರೆದೊಯ್ಯುವಳು. “ಅವ್ವಾರ, ಬ್ಯಾರೆ ಏನರ ಔಷಧ ತಗೊಳ್ಳಾಕ ಹತ್ತೀರೇನು?” ಎಂದು ಅವರು ಕೇಳುವರು. “ಬಿ.ಪಿ. ಗುಳಿಗಿ ಅಷ್ಟ ನೋಡ್ರಿ ಸಾಹೇಬ್ರ,” ಎಂದು ಸೊಸೆಯ ಉತ್ತರ. ಅವಳು ಸುಳ್ಳು ಹೇಳಲಿಲ್ಲ. ವರ್ಷಕ್ಕೊಮ್ಮೆ ಕೊಡುವದನ್ನು ಅವಳು ಔಷಧವೆಂದೇ ಎಣಿಸಿಲ್ಲ. ಟೊಂಕದ ಎಲುಬಿನ ಸೂಜಿಗೂ ಹಲ್ಲಿಗೂ ಏನು ಸಂಬಂಧವೆಂದು ಅವಳ ಭಾವನೆ. ಹಲ್ಲು ಕೀಳಲ್ಪಡುವದು. ಎರಡು ತಿಂಗಳಾದರೂ ಕುಳಿ ಮಾಯದೆ ನಾಲಿಗೆಗೆ ಒರಟಾದ ಎಲುಬು ತಾಗುತ್ತಿರುವದು. ಇಲ್ಲಿ ಎಲುಬಿನ ಡಾಕ್ಟರರದೂ, ದಂತವೈದ್ಯರದೂ, ಸೊಸೆಯದೂ ದೊಡ್ಡ ತಪ್ಪಿಲ್ಲ. ಒಬ್ಬರಿಗೆ ತಿಳಿದದ್ದು ಮತ್ತೊಬ್ಬರಿಗೆ ತಿಳಿಯಲಿಲ್ಲ, ಅಷ್ಟೇ. ಈ ಔಷಧಗಳಲ್ಲಿ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಮ್ಲಗಳ ಜಾತಿಯವು ಎಲುಬಿನೊಳಗೆ ಸೇರಿಕೊಂಡು ವರ್ಷಗಟ್ಟಲೆ ಉಳಿಯುವವು. ಆದುದರಿಂದ ನಿಲ್ಲಿಸಿ ಕೆಲವು ಕಾಲವಾಗಿದ್ದರೂ ಹೇಳಲೇ ಬೇಕು.

ಇದನ್ನು ಓದಿ ಯಾರೂ ಗಾಬರಿಗೊಂಡು ಔಷಧವನ್ನು ಬಿಡಬಾರದು. ಎಲುಬು ಟೊಳ್ಳಾದದ್ದಕ್ಕೆ ವಾರದ ಗುಳಿಗೆಯನ್ನೋ ವರ್ಷಕ್ಕೊಮ್ಮೆಯ ಔಷಧವನ್ನೋ ತೆಗೆದುಕೊಳ್ಳುವ 10,000 ಜನರಲ್ಲಿ ಈ ರೋಗವು ಬರುವದು ಸುಮಾರು 2ರಿಂದ 5 ಜನರಿಗೆ ಮಾತ್ರ. ಕ್ಯಾನ್ಸರಿಗೆಂದು ಪದೇ ಪದೇ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲಿ ಅಪಾಯವು ಹೆಚ್ಚು. ಅದೂ ಸಾಮಾನ್ಯವಾಗಿ ನೂರಕ್ಕೆ ಐದರೊಳಗೆ. ಇತ್ತ, ತೊಡೆಯ ಮೇಲ್ಭಾಗದ ಎಲುಬು ಮುರಿದ ವೃದ್ಧರಲ್ಲಿ ಅನೇಕರು ಮೊದಲಿನಂತೆ ನಡೆಯಲಾರರು. ವರ್ಷದೊಳಗೆ ತೀರಿಕೊಳ್ಳುವವರೂ ಕಡಿಮೆಯಲ್ಲ. ಅಲ್ಲದೆ ಡೆನೊಸುಮ್ಯಾಬ್ ಸೂಜಿಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಬೆನ್ನೆಲುಬಿನ ಮಣಿಗಳು ಮುರಿಯುವ ಭಯವಿದೆ. ಬಿಡುವದೋ ಮುಂದುವರಿಸುವದೋ ಎಂಬದನ್ನು ಎಲುಬಿನ ಡಾಕ್ಟರರೂ ದಂತವೈದ್ಯರೂ ಕೂಡಿ ಹೇಳಬೇಕೇ ಹೊರತು ನೆರೆಮನೆಯವರಲ್ಲ.

ಔಷಧವು ಬೇರೊಂದು ಬಗೆಯಿಂದ ದವಡೆಗೆ ಕೇಡು ತಂದದ್ದನ್ನು ನಮ್ಮ ಜಿಲ್ಲೆಯು ಕಣ್ಣಾರೆ ಕಂಡದ್ದು 2021ರ ಬೇಸಿಗೆಯಲ್ಲಿ. ಕೋವಿಡ್ ಬೇನೆಯ ಎರಡನೆಯ ಅಲೆಯ ಹಿಂದೆಯೇ ಕಪ್ಪು ಶಿಲೀಂಧ್ರವೆಂದು ಜನರು ಕರೆದ ರೋಗವು ಬಂದಿತು. ಅದನ್ನು ಅಧಿಸೂಚಿತ ರೋಗವೆಂದು ಸಾರಬೇಕೆಂದು ಕೇಂದ್ರ ಸರಕಾರವು ಆ ವರ್ಷದ ಮೇ ತಿಂಗಳಲ್ಲಿ ರಾಜ್ಯಗಳಿಗೆ ತಿಳಿಸಿತು. ಸುತ್ತಲಿನ ಜಿಲ್ಲೆಗಳ ರೋಗಿಗಳು ಹುಬ್ಬಳ್ಳಿಯ ಕಿಮ್ಸ್ ದವಾಖಾನೆಗೆ ಬರತೊಡಗಿದರು. ಈ ಬೂಷ್ಟಿನ ಬೀಜಕಣಗಳು ಮಣ್ಣಿನಲ್ಲಿಯೂ ಗಾಳಿಯಲ್ಲಿಯೂ ಸದಾ ಇರುವವು; ಆರೋಗ್ಯವಂತರನ್ನು ಮುಟ್ಟುವದು ವಿರಳ. ಆದರೆ ಮಧುಮೇಹವು ಹತೋಟಿ ತಪ್ಪಿದವರಲ್ಲಿ, ಸ್ಟಿರಾಯಿಡ್ ಔಷಧದಿಂದ ರೋಗನಿರೋಧಕ ಶಕ್ತಿ ತಗ್ಗಿ ಸಕ್ಕರೆ ಇನ್ನಷ್ಟು ಏರಿದವರಲ್ಲಿ, ಅದು ಮೂಗಿನ ಪಕ್ಕದ ಕುಹರಗಳಲ್ಲಿ ಬೇರೂರಿ ರಕ್ತನಾಳಗಳನ್ನು ಕಟ್ಟಿ ಮೇಲ್ದವಡೆಯ ಎಲುಬನ್ನು ಕೊಂದಿತು. ಹಲವರ ಮೇಲ್ದವಡೆಯ ಭಾಗವನ್ನೇ ತೆಗೆದು, ಅಂಗುಳಿನ ತೂತಿಗೆ ಕೃತ್ರಿಮ ಮುಚ್ಚಳವನ್ನಿಟ್ಟು, ಉಣ್ಣುವದಕ್ಕೂ ಮಾತಿಗೂ ಅನುವು ಮಾಡಿಕೊಡಬೇಕಾಯಿತು. ಸ್ಟಿರಾಯಿಡ್ ಕೆಟ್ಟ ಔಷಧವೆಂದು ಇದರಿಂದ ತಿಳಿಯಬಾರದು. ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಪ್ರಾಣವನ್ನು ಅದು ಉಳಿಸುವದೆಂದು 2020ರಲ್ಲಿಯೇ ಸಿದ್ಧವಾಗಿತ್ತು. ಅದನ್ನು ಬೇಡವಾದವರಿಗೆ, ಬೇಡವಾದಷ್ಟು ದಿನ, ಸಕ್ಕರೆಯನ್ನು ಪರೀಕ್ಷಿಸದೆ ಕೊಡುವದೇ ಅನರ್ಥಕ್ಕೆ ಮೂಲ.

ಇದಕ್ಕೆ ಹತ್ತಿದ ಇನ್ನೊಂದು ಸಂಗತಿಯಿದೆ. ತಂಬಾಕು, ಗುಟಕಾ, ಅಡಿಕೆಗಳ ಚಟದಿಂದ ಬಾಯಿಯ ಕ್ಯಾನ್ಸರು ನಮ್ಮಲ್ಲಿ ಬಹಳ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಸಂಸ್ಥೆಯಂಥಲ್ಲಿ ಕಿರಣಚಿಕಿತ್ಸೆಯಿಂದ ಗುಣ ಹೊಂದಿದವರು ನಮ್ಮ ಊರುಗಳಲ್ಲಿದ್ದಾರೆ. ಆ ಕಿರಣಗಳು ರೋಗವನ್ನು ಸುಡುವಾಗ ದವಡೆಯ ಸಣ್ಣ ರಕ್ತನಾಳಗಳನ್ನೂ ಕ್ಷೀಣಗೊಳಿಸುವವು. ಆ ಕ್ಷೀಣತೆ ಜನ್ಮವಿಡೀ ಉಳಿಯುವದು. ಹತ್ತು ವರ್ಷದ ಬಳಿಕ ಒಂದು ಹಲ್ಲು ಕಿತ್ತರೂ ಗಾಯವು ಮಾಯದೆ ಎಲುಬು ಸಾಯಬಹುದು. ಆದುದರಿಂದ ಕೀಳಬೇಕಾದ ಹಲ್ಲುಗಳನ್ನು ಕಿರಣಚಿಕಿತ್ಸೆಗೆ ಎರಡು ಮೂರು ವಾರ ಮೊದಲೇ ಕೀಳಿಸಿ ಗಾಯ ಮಾಯಗೊಡಬೇಕು.

ಇನ್ನು ಮನೆಯವರು ಮಾಡತಕ್ಕದ್ದೇನು? ಎಲುಬಿನ ಔಷಧವನ್ನು ಆರಂಭಿಸುವ ಮೊದಲು ಒಮ್ಮೆ ದಂತವೈದ್ಯರಿಗೆ ಬಾಯಿ ತೋರಿಸಿ, ಕೀಳಬೇಕಾದ್ದನ್ನು ಕೀಳಿಸಿ, ತುಂಬಿಸಬೇಕಾದ್ದನ್ನು ತುಂಬಿಸಿ, ಗಾಯ ಮಾಯ್ದ ಬಳಿಕ ಔಷಧಕ್ಕೆ ಕೈ ಹಾಕಬೇಕು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಹಲ್ಲು ಕೀಳಿಸುವ ಮುನ್ನ ಹೇಳಲೇ ಬೇಕು; ಬೇರಿನ ಕಾಲುವೆಯನ್ನು ಶುದ್ಧಿಮಾಡಿ ತುಂಬಿ ಹಲ್ಲನ್ನು ಉಳಿಸಲು ಬರುವಂತಿದ್ದರೆ ದಂತವೈದ್ಯರು ಅದನ್ನೇ ಮೇಲೆಂದು ಹೇಳುವರು. ಅಳತೆ ತಪ್ಪಿದ ಕೃತ್ರಿಮ ಹಲ್ಲುಪಟ್ಟಿಯು ವಸಡನ್ನು ಉಜ್ಜಿ ಹುಣ್ಣು ಮಾಡಿದರೆ ಅದೂ ಒಂದು ಬಾಗಿಲೇ, ಸರಿಮಾಡಿಸಿಕೊಳ್ಳಬೇಕು. ಮಧುಮೇಹಿಗಳು ಸಕ್ಕರೆಯನ್ನು ಹತೋಟಿಯಲ್ಲಿಡಬೇಕು; ತಂಬಾಕನ್ನು ಎಲ್ಲರೂ ಬಿಡಬೇಕು. ಹಲ್ಲುನೋವಿಗೆ ಲವಂಗದೆಣ್ಣೆ ಹಚ್ಚಿದರೆ ನೋವು ತಗ್ಗುವದು ನಿಜ. ಆದರೆ ತೂತು ಮುಚ್ಚುವದಿಲ್ಲ. ಬಾತ ಗಲ್ಲಕ್ಕೆ ಹೊರಗಿನಿಂದ ಶಾಖ ಕೊಡಬಾರದು. ಔಷಧದ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆಗಳನ್ನು ಎರಡು ದಿನ ನುಂಗಿ ಬಿಡುವ ರೂಢಿಯು ಬಾವನ್ನು ಮುಚ್ಚಿಡುವದೇ ಹೊರತು ಕಳೆಯುವದಿಲ್ಲ. ಗದ್ದದ ಕೆಳಗೆ ಗಟ್ಟಿಯಾದ ಬಾವು ಬಂದು ಜ್ವರವೇರಿ, ನುಂಗುವದಕ್ಕೋ ಉಸಿರಾಡುವದಕ್ಕೋ ತೊಂದರೆಯಾದರೆ ಬೆಳಗಿನ ವರೆಗೆ ಕಾಯದೆ ದೊಡ್ಡ ದವಾಖಾನೆಗೆ ಒಯ್ಯಬೇಕು. ನಮ್ಮ ಪುಣ್ಯಕ್ಕೆ ಹುಬ್ಬಳ್ಳಿಯ ಕಿಮ್ಸ್ ಆಗಲಿ, ಧಾರವಾಡದ ಸತ್ತೂರಿನ ಎಸ್.ಡಿ.ಎಂ. ದಂತವೈದ್ಯಕೀಯ ಮಹಾವಿದ್ಯಾಲಯವಾಗಲಿ ಇಲ್ಲಿಂದ ದೂರವಿಲ್ಲ.

ತೆರೆದು ಬಿದ್ದ ಎಲುಬು ಕಂಡರೂ ಎದೆಗೆಡಬೇಕಾಗಿಲ್ಲ. ಬೇಗನೆ ತೋರಿಸಿದರೆ, ಬಾಯಿ ಮುಕ್ಕಳಿಸುವ ಔಷಧ, ಕೀವು ತಡೆಯುವ ಗುಳಿಗೆ, ಸಡಿಲಾದ ಸತ್ತ ಚೂರುಗಳನ್ನು ನಾಜೂಕಾಗಿ ತೆಗೆಯುವದು, ಇಷ್ಟರಿಂದಲೇ ಅನೇಕರಿಗೆ ಹಿತವಾಗುವದು. ಬಲಿತದ್ದಕ್ಕೆ ಮಾತ್ರ ದೊಡ್ಡ ಶಸ್ತ್ರಕ್ರಿಯೆ.

ಕೊನೆಗೆ ನಾವು ಸೂಚಿಸುವದು ಸುಲಭವಾದ ಒಂದು ಕೆಲಸ. ಮನೆಯಲ್ಲಿ ಹಾಲಿನ ಲೆಕ್ಕ, ಕಿರಾಣಿಯ ಲೆಕ್ಕಗಳನ್ನು ಬರೆದಿಡುವಂತೆ, ಹಿರಿಯರು ತೆಗೆದುಕೊಂಡ ಔಷಧಗಳ ಹೆಸರನ್ನೂ ದಿನಾಂಕವನ್ನೂ ಒಂದು ಹಾಳೆಯ ಮೇಲೆ ಬರೆದಿಡಬೇಕು. ಗುಳಿಗೆಯಷ್ಟೇ ಅಲ್ಲ, ತಿಂಗಳಿಗೊಮ್ಮೆಯ, ಆರು ತಿಂಗಳಿಗೊಮ್ಮೆಯ, ವರ್ಷಕ್ಕೊಮ್ಮೆಯ ಸೂಜಿಯನ್ನೂ, ಹಿಂದೆ ಆದ ಕಿರಣಚಿಕಿತ್ಸೆಯನ್ನೂ ಅದರಲ್ಲಿ ಕಾಣಿಸಬೇಕು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕೈಯಿಂದಲೇ ಬರೆಯಿಸಿರಿ. ಅಕ್ಷರವೂ ದುಂಡಾಗುವದು, ಅಜ್ಜಿಯ ಮೇಲಿನ ಅಕ್ಕರತೆಯೂ ಬೆಳೆಯುವದು. ಯಾವ ದವಾಖಾನೆಗೆ ಹೋದರೂ, ವಿಶೇಷವಾಗಿ ಹಲ್ಲು ಕೀಳಿಸಲು ಕೂತಾಗ, ಆ ಹಾಳೆಯನ್ನು ಮೊದಲು ಮುಂದಿಡಿರಿ. ಅಷ್ಟು ಮಾಡಿದರೆ ದವಡೆಯ ಕೋಟೆಗೆ ಒಬ್ಬ ಒಳ್ಳೆಯ ಕಾವಲುಗಾರನನ್ನಿಟ್ಟಂತಾಗುವದು.